ಗಾಜಿನ ರೈಲೇ ಬೇಕಾ, ಅದೇ ಹಳಿಯ ಸಾಮಾನ್ಯ ರೈಲು ಸಾಕಾ?

ಪ್ರಶ್ನೆ: ನಾವು ಮೈಸೂರಿನವರು. ದಸರಾ ರಜೆಯಲ್ಲಿ ನಾನು, ನನ್ನ ಗಂಡ, 11 ವರ್ಷದ ಮಗಳು ಮತ್ತು 68 ವರ್ಷದ ಅತ್ತೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು ಅಂತ ಇದ್ದೇವೆ. ಎಂಟು ರಾತ್ರಿ ಸಿಗುತ್ತದೆ. ಅತ್ತೆಗೆ ರೈಲು ಅಂದ್ರೆ ಪ್ರಾಣ. ಆದರೆ ಮಂಡಿ ನೋವಿದೆ, ಶುದ್ಧ ಸಸ್ಯಾಹಾರಿ ಬೇರೆ. ಟೂರ್ ಏಜೆಂಟ್ ಒಬ್ಬರು ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಎರಡನ್ನೂ ಪೂರ್ತಿ ಸೇರಿಸಿ, ಜೊತೆಗೆ ಎರಡು ಹಿಮದ ಶಿಖರ ತೋರಿಸುವ ಪ್ಯಾಕೇಜ್ ಕೊಟ್ಟಿದ್ದಾರೆ. ದರ ನೋಡಿ ಎದೆ ಧಸಕ್ಕೆಂದಿತು. ನಾವೇ ಬುಕ್ ಮಾಡಿಕೊಳ್ಳಬಹುದಾ? ಎರಡೂ ರೈಲು ಬೇಕಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವೇ ಬುಕ್ ಮಾಡಿಕೊಳ್ಳಬಹುದು, ಖಂಡಿತ. ಎರಡೂ ರೈಲು ಪೂರ್ತಿ ಬೇಡ. ಯಾಕೆ ಅಂತ ಹೇಳುತ್ತೇನೆ. ಇದೊಂದು ವಿಷಯ ಅರ್ಥವಾದರೆ ಉಳಿದ ಪ್ಲಾನು ತಾನಾಗಿಯೇ ಕೂತುಕೊಳ್ಳುತ್ತದೆ.

ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಅನ್ನುವುದು ರೈಲಿನ ಹೆಸರು. ಹಳಿಯ ಹೆಸರಲ್ಲ. ಅದೇ ಹಳಿ, ಅದೇ ಸೇತುವೆ, ಅದೇ ಸುರಂಗದ ಮೇಲೆ ದಿನವಿಡೀ ಸಾಮಾನ್ಯ ರೈಲುಗಳೂ ಓಡುತ್ತವೆ, ಹೆಚ್ಚುಕಮ್ಮಿ ಗಂಟೆಗೊಂದು. ಅವುಗಳಲ್ಲಿ ಊರಿನ ಜನ ಶಾಲೆಗೆ, ಸಂತೆಗೆ, ಕೆಲಸಕ್ಕೆ ಹೋಗುತ್ತಾರೆ. ಸೀಟು ಕಾದಿರಿಸುವುದು ಬೇಕಿಲ್ಲ. ಬೇಕಾದ ಕಡೆ ಇಳಿದು ಮುಂದಿನ ರೈಲಿಗೆ ಹತ್ತಬಹುದು. ಎಕ್ಸ್‌ಪ್ರೆಸ್‌ನಲ್ಲಿ ಸಿಗುವುದು ಛಾವಣಿಯವರೆಗೆ ಬಾಗಿದ ದೊಡ್ಡ ಗಾಜು, ಕೂತಲ್ಲಿಗೆ ವಿವರಣೆ, ಇಡೀ ದಾರಿ ಒಂದೇ ಸೀಟು. ಅದಕ್ಕೂ ಬೆಲೆಯಿದೆ, ಇಲ್ಲ ಅನ್ನುವುದಿಲ್ಲ. ಆದರೆ ನೋಟ ಇರುವುದು ಹೊರಗೆ. ಅದು ಎಲ್ಲ ರೈಲಿಗೂ ಒಂದೇ.

ಇನ್ನೊಂದು ಮಾತು ನಿಮ್ಮ ಏಜೆಂಟ್ ಹೇಳಿರಲಿಕ್ಕಿಲ್ಲ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಜರ್ಮಾಟ್‌ನಿಂದ ಕೂರ್ ಊರಿನ ಮೇಲೆ ಹಾದು ಸೇಂಟ್ ಮೊರಿಟ್ಜ್‌ಗೆ ಹೋಗುತ್ತದೆ. ಬರ್ನಿನಾ ಎಕ್ಸ್‌ಪ್ರೆಸ್ ಕೂರ್‌ನಿಂದ ಹೊರಟು ಇಟಲಿಯ ತಿರಾನೊಗೆ ಹೋಗುತ್ತದೆ. ಕೂರ್‌ನಿಂದ ಘಟ್ಟ ಹತ್ತಿ ಆಲ್ಬುಲಾ ಸುರಂಗ ದಾಟುವವರೆಗೆ ಎರಡೂ ರೈಲಿನ ದಾರಿ ಒಂದೇ! ಎರಡನ್ನೂ ಪೂರ್ತಿ ಕೊಂಡರೆ ಅದೇ ಎರಡು ತಾಸಿನ ದಾರಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಜೊತೆಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಇಡೀ ದಾರಿಗೆ ಸುಮಾರು ಎಂಟು ಗಂಟೆ. ಮಂಡಿ ನೋವಿರುವವರು ಎಂಟು ಗಂಟೆ ಕಾಲು ಮಡಚಿ ಕೂರುವುದು ಸುಲಭವಲ್ಲ. ಐದನೇ ಗಂಟೆಯ ಹೊತ್ತಿಗೆ ಎಷ್ಟು ಚಂದದ ಕಣಿವೆ ಬಂದರೂ ಕಣ್ಣು ತಾನಾಗಿ ಮುಚ್ಚುತ್ತದೆ. ಬೋಗಿಯಲ್ಲಿ ಅರ್ಧ ಜನ ನಿದ್ದೆ ಹೋಗಿದ್ದನ್ನು ನಾನೇ ನೋಡಿದ್ದೇನೆ.

ಹಾಗಾಗಿ ನಿಮಗೆ ನಾನು ಹೇಳುವ ದಾರಿ ಹೀಗಿದೆ. ಜ್ಯೂರಿಕ್‌ನಲ್ಲಿ ಇಳಿಯಿರಿ, ಮಿಲಾನ್‌ನಿಂದ ವಾಪಸ್ ಹೊರಡಿ. ಹೋದ ದಾರಿಯಲ್ಲೇ ಮರಳುವುದು ತಪ್ಪುತ್ತದೆ. ಜ್ಯೂರಿಕ್‌ನಿಂದ ನೇರ ಲೌಟರ್‌ಬ್ರುನ್ನೆನ್ ಕಣಿವೆಗೆ ಹೋಗಿ ಎರಡು ರಾತ್ರಿ ಇರಿ. ಆಮೇಲೆ ಜರ್ಮಾಟ್ ಎರಡು ರಾತ್ರಿ. ಜರ್ಮಾಟ್‌ನಿಂದ ಕೂರ್‌ವರೆಗೆ ಮಾತ್ರ ಗ್ಲೇಸಿಯರ್ ಎಕ್ಸ್‌ಪ್ರೆಸ್, ಅಲ್ಲಿಗೆ ಆರು ಗಂಟೆಯ ಆಸುಪಾಸು. ಕೂರ್‌ನಲ್ಲಿ ಒಂದು ರಾತ್ರಿ ಸುಧಾರಿಸಿಕೊಳ್ಳಿ. ಮರುದಿನ ಸಾಮಾನ್ಯ ರೈಲಿನಲ್ಲಿ ಆಲ್ಬುಲಾ ಘಟ್ಟ ಹತ್ತಿ ಪೊಂತ್ರೆಸಿನಾಗೆ ಹೋಗಿ ಎರಡು ರಾತ್ರಿ. ಎಂಟನೇ ದಿನ ಬರ್ನಿನಾ ಘಟ್ಟ ದಾಟಿ ತಿರಾನೊ, ಅಲ್ಲಿಂದ ಮಿಲಾನ್, ಕೊನೆಯ ರಾತ್ರಿ ಅಲ್ಲಿ. ಇದು ಎಂಟು ದಿನದ ಸ್ವಿಸ್ ಟ್ರಾವೆಲ್ ಪಾಸ್‌ಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ.

ಪಾಸಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ತುಂಬ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸ್ವಿಸ್ ಟ್ರಾವೆಲ್ ಪಾಸ್ ಸ್ವಿಟ್ಜರ್ಲೆಂಡಿನಲ್ಲಿ ವಾಸ ಇಲ್ಲದವರಿಗಾಗಿ ಇರುವುದು. 3, 4, 6, 8, 15 ದಿನದ್ದು ಸಿಗುತ್ತದೆ. ರೈಲು, ಬಸ್ಸು, ಕೆರೆಯ ದೋಣಿ ಎಲ್ಲಕ್ಕೂ ನಡೆಯುತ್ತದೆ. ಬರ್ನಿನಾ ಹಳಿ ಇಟಲಿಯ ತಿರಾನೊದಲ್ಲಿ ಮುಗಿಯುತ್ತದಲ್ಲ, ಅಲ್ಲಿವರೆಗೂ ನಡೆಯುತ್ತದೆ. ಗ್ಲೇಸಿಯರ್ ಎಕ್ಸ್‌ಪ್ರೆಸ್‌ನ ಪ್ರಯಾಣದ ದರವೂ ಇದರಲ್ಲಿ ಸೇರಿದೆ. ಸೇರದೇ ಇರುವುದು ಸೀಟು ಕಾದಿರಿಸುವ ಶುಲ್ಕ. ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ ಅದು ಕಡ್ಡಾಯ, ಇಡೀ ದಾರಿಗಾದರೆ ಬೇಸಿಗೆಯಲ್ಲಿ ತಲೆಗೆ ಸುಮಾರು 50 ಫ್ರಾಂಕ್‌ನ ಆಸುಪಾಸು. ನಿಮ್ಮ ಮಗಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಅಂತ ಕೊಡುತ್ತಾರೆ. ಅಪ್ಪನೋ ಅಮ್ಮನೋ ಜೊತೆಗಿದ್ದರೆ 6ರಿಂದ 16 ವರ್ಷದೊಳಗಿನ ಮಕ್ಕಳಿಗೆ ಪ್ರಯಾಣ ಉಚಿತ. ಪಾಸ್ ಕೊಳ್ಳುವಾಗಲೇ ಅದನ್ನೂ ಕೇಳಿ ಸೇರಿಸಿಕೊಳ್ಳಿ. ಆದರೆ ಅವಳ ಸೀಟಿನ ಶುಲ್ಕ ಮಾತ್ರ ಕೊಡಲೇಬೇಕು. ಪಾಸ್ ಇದೆ ಅಂತ ಸೀಟು ಮಾಡಿಸದೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಲು ಬಂದು ಪ್ಲಾಟ್‌ಫಾರ್ಮಿನಲ್ಲೇ ಉಳಿದ ಕುಟುಂಬವೊಂದನ್ನು ನೋಡಿದ್ದೇನೆ. ಅವರ ಮುಖ ಇನ್ನೂ ಕಣ್ಣ ಮುಂದಿದೆ.

ಇನ್ನೊಂದು ದಾರಿ ಸ್ವಿಸ್ ಹಾಫ್ ಫೇರ್ ಕಾರ್ಡ್. ಒಂದು ತಿಂಗಳು ನಡೆಯುತ್ತದೆ, ಹೆಚ್ಚಿನ ಎಲ್ಲ ಟಿಕೆಟ್ ಅರ್ಧ ಬೆಲೆ. ಒಂದೇ ಊರಿನಲ್ಲಿ ಬಹಳ ದಿನ ಇರುವವರಿಗೆ ಅದು ಲಾಭ. ನಿಮ್ಮ ಹಾಗೆ ಒಂದೆರಡು ದಿನಕ್ಕೊಮ್ಮೆ ಊರು ಬದಲಿಸುವವರಿಗೆ, ಮಗು ಜೊತೆಗಿದ್ದರೆ, ಪಾಸ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೀವೇ ಒಂದು ಸಂಜೆ ಕೂತು ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಒಂದೊಂದೇ ದಾರಿಯ ದರ ಹಾಕಿ ಕೂಡಿಸಿ ನೋಡಿ. ಆ ಆ್ಯಪ್ ಹೇಗಿದ್ದರೂ ನಿಮಗೆ ಬೇಕು. ಯಾವ ಪ್ಲಾಟ್‌ಫಾರ್ಮು, ಎಲ್ಲಿ ಬದಲಿಸಬೇಕು ಎಲ್ಲ ಅದರಲ್ಲೇ ಬರುತ್ತದೆ.

ಮುಖ್ಯವಾದ ಒಂದು ಎಚ್ಚರಿಕೆ, ದಸರಾ ರಜೆಯ ಬಗ್ಗೆ. ಗ್ಲೇಸಿಯರ್ ಎಕ್ಸ್‌ಪ್ರೆಸ್ ವರ್ಷವಿಡೀ ಓಡುವುದಿಲ್ಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ನಿಲ್ಲಿಸಿ ಮತ್ತೆ ಡಿಸೆಂಬರ್‌ನಲ್ಲಿ ಶುರು ಮಾಡುತ್ತಾರೆ. ನಮ್ಮ ದಸರಾ ಒಂದು ವರ್ಷ ಸೆಪ್ಟೆಂಬರ್ ಕೊನೆಗೆ ಬಂದರೆ ಇನ್ನೊಂದು ವರ್ಷ ಅಕ್ಟೋಬರ್ ಮೂರನೇ ವಾರಕ್ಕೆ ಜಾರುತ್ತದೆ. ಹಾಗಾಗಿ ವಿಮಾನದ ಟಿಕೆಟ್ ಮಾಡುವ ಮೊದಲು ನಿಮ್ಮ ತಾರೀಖಿನಂದು ಆ ರೈಲು ಇದೆಯಾ ಅಂತ ನೋಡಿ. ಇಲ್ಲದಿದ್ದರೂ ಗಾಬರಿ ಬೇಡ. ಬ್ರಿಗ್, ಆಂಡರ್‌ಮಾಟ್, ಡಿಸೆಂಟಿಸ್‌ನಲ್ಲಿ ಬದಲಿಸಿಕೊಂಡು ಸಾಮಾನ್ಯ ರೈಲಿನಲ್ಲಿ ಅದೇ ದಾರಿ ಹೋಗಬಹುದು. ಬರ್ನಿನಾ ಹಳಿಯಲ್ಲಿ ರೈಲು ವರ್ಷವಿಡೀ ಓಡುತ್ತದೆ, ಚಳಿಗಾಲದ ಹಿಮದಲ್ಲೂ.

ಆ ಕಾಲಕ್ಕೆ ಹೋಗುವುದರಲ್ಲಿ ಒಂದು ಭಾಗ್ಯವೂ ಇದೆ. ಪೊಂತ್ರೆಸಿನಾ ಸುತ್ತಲಿನ ಕಾಡಿನಲ್ಲಿ ಲಾರ್ಚ್ ಅನ್ನುವ ಮರ ಜಾಸ್ತಿ. ಸೂಜಿ ಎಲೆಯ ಮರವಾದರೂ ಇದು ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ಉದುರುವ ಮೊದಲು, ಅಕ್ಟೋಬರ್ ಹೊತ್ತಿಗೆ, ಇಡೀ ಬೆಟ್ಟ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಹೊಸದಾಗಿ ಬಿದ್ದ ಹಿಮ, ಕೆಳಗೆ ಅರಿಶಿನ, ನಡುವೆ ಕೆಂಪು ರೈಲು. ಮೇ ತಿಂಗಳಲ್ಲಿ ಹೋದವರಿಗೆ ಇದು ಸಿಗುವುದಿಲ್ಲ.

ಈಗ ಗ್ಲೇಸಿಯರ್ ಎಕ್ಸ್‌ಪ್ರೆಸ್ ದಾರಿ. 1930ರಲ್ಲಿ ಶುರುವಾದ ರೈಲು ಇದು. ಪೂರ್ತಿ ದಾರಿ 291 ಕಿಲೋಮೀಟರ್, 291 ಸೇತುವೆ, 91 ಸುರಂಗ. ಹೆಸರಿನಲ್ಲಿರುವ ಹಿಮನದಿ ಈಗ ದಾರಿಯಲ್ಲಿ ಕಾಣಿಸುವುದಿಲ್ಲ, ಇದನ್ನು ಮೊದಲೇ ತಿಳಿದಿರಿ. ಹಿಂದೆ ರೈಲು ಫುರ್ಕಾ ಘಟ್ಟದ ಮೇಲೇ ಹೋಗುತ್ತಿತ್ತು, ರೋನ್ ಹಿಮನದಿ ಕಿಟಕಿಯಿಂದಲೇ ಕಾಣುತ್ತಿತ್ತು. 1982ರಲ್ಲಿ 15 ಕಿಲೋಮೀಟರ್‌ಗೂ ಉದ್ದದ ಫುರ್ಕಾ ಸುರಂಗ ತೆರೆದ ಮೇಲೆ ರೈಲು ಬೆಟ್ಟದ ಒಳಗೇ ಹೋಗತೊಡಗಿತು. ಹಳೆಯ ಮೇಲಿನ ಹಳಿಯನ್ನು ಸ್ವಯಂಸೇವಕರು ಉಳಿಸಿಕೊಂಡು ಬೇಸಿಗೆಯಲ್ಲಿ ಉಗಿಬಂಡಿ ಓಡಿಸುತ್ತಾರೆ. ಅದಕ್ಕಾಗಿ ಅವರು ವಿಯೆಟ್ನಾಂಗೆ ಮಾರಿಹೋಗಿದ್ದ ಹಳೆಯ ಸ್ವಿಸ್ ಇಂಜಿನ್‌ಗಳನ್ನು ಹುಡುಕಿ 1990ರಲ್ಲಿ ವಾಪಸ್ ತಂದರು. ರೈಲಿನ ಮೇಲೆ ಪ್ರೀತಿ ಅಂದ್ರೆ ಇದು ಅಲ್ವಾ!

ಅತ್ತೆಯವರು ಊಟಿ ರೈಲು ಹತ್ತಿದ್ದರೆ ಅವರಿಗೆ ಈ ದಾರಿ ಅಪರಿಚಿತ ಅನ್ನಿಸುವುದಿಲ್ಲ. ಮೆಟ್ಟುಪಾಳಯಂ ಕಡೆಯಿಂದ ಕೂನೂರಿಗೆ ಹತ್ತುವಾಗ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತದಲ್ಲ, ಅದು ರೋಮನ್ ಆಬ್ಟ್ ಅನ್ನುವ ಸ್ವಿಸ್ ಇಂಜಿನಿಯರ್ ರೂಪಿಸಿದ್ದು. ಅಲ್ಲಿನ ಹಳೆಯ ಉಗಿ ಇಂಜಿನ್‌ಗಳೂ ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್ ಕಾರ್ಖಾನೆಯಲ್ಲಿ ಆದವು. ಅದೇ ಆಬ್ಟ್ ಹಲ್ಲುಹಳಿಯ ಮೇಲೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಜರ್ಮಾಟ್ ಕಣಿವೆಯಲ್ಲಿ ಇಳಿಯುತ್ತದೆ, ಆಂಡರ್‌ಮಾಟ್‌ನಿಂದ 2033 ಮೀಟರ್ ಎತ್ತರದ ಓಬರಾಲ್ಪ್ ಘಟ್ಟಕ್ಕೆ ಹತ್ತುತ್ತದೆ. ಗಾಲಿಯ ಹಲ್ಲು ಹಳಿಗೆ ಕಚ್ಚುವಾಗ ನೆಲದಡಿಯಿಂದ ಗರಗರ ಸದ್ದು ಬರುತ್ತದೆ, ರೈಲು ನಡಿಗೆಗೆ ಇಳಿಯುತ್ತದೆ. ಮಗಳಿಗೆ ಆಗ ಮಾತು ನಿಲ್ಲಿಸಿ ಕೇಳಿಸಿಕೊಳ್ಳಲು ಹೇಳಿ.

ಓಬರಾಲ್ಪ್ ಇಳಿದ ಮೇಲೆ ರೈನ್ ನದಿಯ ಕಮರಿ ಬರುತ್ತದೆ. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಫ್ಲಿಮ್ಸ್ ಬಳಿ ಬೆಟ್ಟವೊಂದು ಕುಸಿದು ನದಿಗೆ ಅಡ್ಡ ಬಿತ್ತು. ನದಿ ಆ ರಾಶಿಯನ್ನು ಕೊರೆದುಕೊಂಡೇ ದಾರಿ ಮಾಡಿತು. ಬಿಳಿ ಸುಣ್ಣಕಲ್ಲಿನ ಗೋಡೆಗಳ ನಡುವೆ ರೈಲು ನದಿಗೆ ಅಂಟಿಕೊಂಡೇ ಹೋಗುತ್ತದೆ. ಇಲ್ಲಿ ಯಾರನ್ನೂ ನಿದ್ದೆ ಮಾಡಲು ಬಿಡಬೇಡಿ. ಆರು ಗಂಟೆಯೂ ಜಾಸ್ತಿ ಅನ್ನಿಸಿದರೆ, ಆಂಡರ್‌ಮಾಟ್‌ವರೆಗೆ ಸಾಮಾನ್ಯ ರೈಲಿನಲ್ಲಿ ಬಂದು, ಅಲ್ಲಿಂದ ಕೂರ್‌ವರೆಗೆ ಮಾತ್ರ ಎಕ್ಸ್‌ಪ್ರೆಸ್ ಸೀಟು ಮಾಡಿಸಬಹುದು. ಓಬರಾಲ್ಪ್, ರೈನ್ ಕಮರಿ ಎರಡೂ ಆ ಭಾಗದಲ್ಲೇ ಇವೆ.

ಸೀಟು ಮಾಡಿಸುವಾಗ ರೈಲಿನ ಸ್ವಂತ ವೆಬ್‌ಸೈಟಿಗೇ ಹೋಗಿ. ಅಲ್ಲಿ ಬೋಗಿಯ ನಕ್ಷೆ ತೋರಿಸಿ ಸೀಟು ಆರಿಸಲು ಬಿಡುತ್ತಾರೆ. ‘ಪಾಸ್ ಇದೆ, ಸೀಟು ಮಾತ್ರ ಬೇಕು’ ಅನ್ನುವ ಆಯ್ಕೆ ಹುಡುಕಿ. ಎರಡನೇ ದರ್ಜೆಯೇ ಸಾಕು. ಅಲ್ಲಿ ನಡುದಾರಿಯ ಎರಡೂ ಕಡೆ ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ, ನಡುವೆ ಮೇಜು. ನೀವು ನಾಲ್ವರು, ಒಂದು ಮೇಜು ಪೂರ್ತಿ ನಿಮ್ಮದೇ ಆಗುತ್ತದೆ. ಕಿಟಕಿಯ ಪಕ್ಕ ಅತ್ತೆಯವರನ್ನೂ ಮಗಳನ್ನೂ ಎದುರುಬದುರು ಕೂರಿಸಿ. ಮೊದಲ ದರ್ಜೆಯಲ್ಲಿ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬರು. ಜಾಗ ಜಾಸ್ತಿ, ಕಿಟಕಿ ಅದೇ. ಊಟ ಸೀಟಿಗೇ ತಂದು ಕೊಡುತ್ತಾರೆ, ಸಸ್ಯಾಹಾರವೂ ಇರುತ್ತದೆ. ಮೊದಲೇ ತಿಳಿಸಿಬಿಡಿ. ಪ್ರಯಾಣಕ್ಕೆ ಮೂರು ತಿಂಗಳಿರುವಾಗಲೇ ನೋಡಲು ಶುರು ಮಾಡಿ. ಒಂದೇ ಮೇಜಿನ ನಾಲ್ಕು ಸೀಟು ಬೇಕು ಅಂದ್ರೆ ತಡ ಮಾಡಬಾರದು.

ಕೂರ್‌ನಿಂದ ಮುಂದೆ ನನ್ನ ಮೆಚ್ಚಿನ ದಾರಿ. ಈ ಆಲ್ಬುಲಾ ಹಳಿಯನ್ನು ಮತ್ತು ಬರ್ನಿನಾ ಹಳಿಯನ್ನು ಸೇರಿಸಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಫಿಲಿಸುರ್ ಊರಿನ ಹತ್ತಿರ ಲಾಂಡ್‌ವಾಸರ್ ಸೇತುವೆ ಬರುತ್ತದೆ. 65 ಮೀಟರ್ ಎತ್ತರ, ಆರು ಕಮಾನು, ಬಿಲ್ಲಿನ ಹಾಗೆ ಬಾಗಿದೆ. ಸೇತುವೆ ಮುಗಿದ ತಕ್ಷಣ ಕಡಿದಾದ ಬಂಡೆಯ ನಡುವಿನ ಸುರಂಗಕ್ಕೆ ರೈಲು ನುಗ್ಗುತ್ತದೆ. ನಿಮ್ಮ ಬೋಗಿ ಹಿಂದೆ ಇದ್ದರೆ ಮುಂದಿನ ಬೋಗಿಗಳು ಬಂಡೆಯೊಳಗೆ ಮಾಯವಾಗುವುದು ಕಾಣುತ್ತದೆ. ಅದಕ್ಕೇ ಆದಷ್ಟು ಹಿಂದಿನ ಬೋಗಿ ಹತ್ತಿ. ಸೇತುವೆ ದಾಟಲು ಅರ್ಧ ನಿಮಿಷವೂ ಬೇಡ. ಫೋನ್ ಮೊದಲೇ ಕೈಯಲ್ಲಿರಲಿ.

ಆಮೇಲೆ ಬೆರ್ಗ್ಯೂನ್‌ನಿಂದ ಪ್ರೇಡಾಗೆ 400 ಮೀಟರ್‌ಗೂ ಜಾಸ್ತಿ ಹತ್ತಬೇಕು. ನೇರ ಹತ್ತಲು ಆಗದು ಅಂತ ಹಳಿಯನ್ನು ಬೆಟ್ಟದೊಳಗೇ ಸುತ್ತಿಸಿದ್ದಾರೆ. ಎಡಕ್ಕಿದ್ದ ಚರ್ಚಿನ ಗೋಪುರ ಬಲಕ್ಕೆ ಬರುತ್ತದೆ, ಮತ್ತೆ ಎಡಕ್ಕೆ ಹೋಗುತ್ತದೆ, ಪ್ರತಿ ಸಲ ಇನ್ನಷ್ಟು ಕೆಳಗೆ, ಇನ್ನಷ್ಟು ಚಿಕ್ಕದಾಗಿ. ದಾಟಿ ಬಂದ ಸೇತುವೆಯೇ ಕಾಲಡಿಯಲ್ಲಿ ಕಾಣುತ್ತದೆ. ಅದು ಸಾಮಾನ್ಯ ರೈಲಿನಲ್ಲೂ ಹಾಗೇ ಕಾಣುತ್ತದೆ.

ಇನ್ನು ಬರ್ನಿನಾ. ಎರಡರಲ್ಲಿ ಒಂದನ್ನೇ ಆರಿಸಿ ಅಂದ್ರೆ ಯೋಚನೆ ಮಾಡದೆ ಇದನ್ನೇ ಹೇಳುತ್ತೇನೆ. 1910ರಲ್ಲಿ ಪೂರ್ತಿಯಾದ ಈ ಹಳಿ 2253 ಮೀಟರ್‌ಗೆ ಹತ್ತಿ ತಿರಾನೊದಲ್ಲಿ 429 ಮೀಟರ್‌ಗೆ ಇಳಿಯುತ್ತದೆ. ಹಲ್ಲುಹಳಿ ಇಲ್ಲ, ಬರೀ ಗಾಲಿಯ ಹಿಡಿತ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಅಷ್ಟಕ್ಕೇ ಹಿಂದೊಂದು ಮುಂದೊಂದು ಹೆಚ್ಚುವರಿ ಇಂಜಿನ್ ಬೇಕಾಗುವುದನ್ನು ನಾವು ನೋಡಿದ್ದೇವೆ. ಬರ್ನಿನಾದಲ್ಲಿ ಕೆಲವು ಕಡೆ 14 ಮೀಟರ್‌ಗೇ ಒಂದು ಮೀಟರ್! ಒಂದೇ ಪ್ರಯಾಣದಲ್ಲಿ ಹಿಮನದಿಯ ಚಳಿಯಿಂದ ದ್ರಾಕ್ಷಿ ತೋಟದ ಬಿಸಿಲಿಗೆ ಇಳಿಯುತ್ತೀರಿ.

ಇಲ್ಲಿ ಎಕ್ಸ್‌ಪ್ರೆಸ್ ಬೇಡ, ಸಾಮಾನ್ಯ ರೈಲೇ ಹತ್ತಿ ಅನ್ನುವುದಕ್ಕೆ ನನ್ನದೇ ಒಂದು ಅನುಭವ ಕಾರಣ. ಮೊದಲ ಸಲ ಹೋದಾಗ ತಿಂಗಳುಗಟ್ಟಲೆ ಮೊದಲೇ ಗಾಜಿನ ಬೋಗಿಯಲ್ಲಿ ಸೀಟು ಮಾಡಿಸಿದ್ದೆ. ಆ ದಿನ ಬೆಳಗಿನಿಂದ ಮಳೆ. ಮೇಲೆ ಹೋದಂತೆ ಮೋಡ ಗಾಜಿಗೆ ಅಂಟಿಕೊಂಡು ಕೂತಿತು. ಮೂರು ಗಂಟೆ ಬೂದು ಬಣ್ಣ ಬಿಟ್ಟು ಏನೂ ಕಾಣಲಿಲ್ಲ. ತೆಗೆದ ಹತ್ತಾರು ಫೋಟೊಗಳಲ್ಲಿ ಗಾಜಿನ ಮೇಲೆ ಎದುರು ಸೀಟಿನವರ ಮುಖವೇ ಬಂದಿತ್ತು. ಮಾರನೇ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಸುಮ್ನೆ ಸ್ಟೇಷನ್‌ಗೆ ಹೋಗಿ ಬಂದ ಸಾಮಾನ್ಯ ರೈಲು ಹತ್ತಿದೆ. ಕಿಟಕಿಯ ಮೇಲಿನ ಅರ್ಧ ಕೆಳಗೆ ಜಾರಿತು. ತಣ್ಣನೆ ಗಾಳಿಯ ಜೊತೆ ಕೊಯ್ದ ಹುಲ್ಲಿನ ವಾಸನೆ ಒಳಗೆ ಬಂತು. ಟಿಕೆಟ್ ನೋಡಲು ಬಂದ ಹೆಂಗಸು ಆ ಕಣಿವೆಯ ರೊಮಾನ್ಶ್ ಭಾಷೆಯಲ್ಲಿ ‘ಅಲ್ಲೇಗ್ರಾ’ ಅಂದರು, ನಮಸ್ಕಾರ ಅಂತ. ಒಂದು ಗಂಟೆಯ ನಂತರ ಅದೇ ಬೋಗಿಯಲ್ಲಿ ಶಾಲೆಯ ಮಕ್ಕಳು ಇಟಾಲಿಯನ್‌ನಲ್ಲಿ ಜಗಳವಾಡುತ್ತಾ ಇಳಿದರು. ಘಟ್ಟದ ಆಚೆ ಈಚೆ ಭಾಷೆಯೇ ಬೇರೆ.

ಅದಕ್ಕೇ ಪೊಂತ್ರೆಸಿನಾದಲ್ಲಿ ಎರಡು ರಾತ್ರಿ ಇರಿ ಅಂದದ್ದು. ಬೆಳಗ್ಗೆ ಎದ್ದು ಕಣಿವೆಯ ವೆಬ್‌ಕ್ಯಾಮೆರಾ ನೋಡಿ. ಮೊದಲ ಬೆಳಗ್ಗೆಯೇ ಬಿಸಿಲಿದ್ದರೆ ಆಲ್ಪ್ ಗ್ರ್ಯೂಮ್‌ವರೆಗೆ ಹೋಗಿ ಬಂದುಬಿಡಿ. ಮರುದಿನ ಹೇಗೂ ಅದೇ ದಾರಿಯಲ್ಲಿ ತಿರಾನೊಗೆ ಇಳಿಯುತ್ತೀರಿ. ಎರಡರಲ್ಲಿ ಒಂದು ದಿನವಾದರೂ ಬೆಟ್ಟ ಮುಖ ತೋರಿಸುವ ಸಾಧ್ಯತೆ ಜಾಸ್ತಿ.

ತಿರಾನೊ ಕಡೆ ಹೋಗುವಾಗ ಬಲಗಡೆ ಕೂರಿ. ಮೊದಲು ಮೊರ್ತೆರಾಚ್ ಹಿಮನದಿ ಕಾಣುತ್ತದೆ. ಆಮೇಲೆ ಎರಡು ಕೆರೆಗಳು, ಒಂದರ ಹಿಂದೆ ಒಂದು. ಮೊದಲನೆಯದು ಲೇಯ್ ನಾಯ್ರ್, ಕಪ್ಪು ಕೆರೆ ಅಂತ ಅರ್ಥ. ಎರಡನೆಯದು ಲಾಗೊ ಬಿಯಾಂಕೊ, ಬಿಳಿ ಕೆರೆ. ಹಿಮನದಿ ಅರೆದ ಕಲ್ಲಿನ ಹಿಟ್ಟು ಬೆರೆತು ಅದರ ನೀರು ಹಾಲು ಕಲಸಿದ ಹಾಗೆ ಕಾಣುತ್ತದೆ. ಕಪ್ಪು ಕೆರೆಯ ನೀರು ಇನ್ ನದಿ ಸೇರಿ, ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಕೆರೆಯ ನೀರು ಪೊ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ಘಟ್ಟದಲ್ಲೂ ಹೀಗೇ ಇದೆಯಲ್ಲ. ಸಕಲೇಶಪುರದ ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ, ಕೆಳಗೆ ಸುಬ್ರಹ್ಮಣ್ಯದ ಕುಮಾರಧಾರೆ ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ, ತಕ್ಷಣ ಹಿಡಿಯುತ್ತಾರೆ.

ಓಸ್ಪಿಜಿಯೊ ಬರ್ನಿನಾ ಈ ಹಳಿಯ ಅತಿ ಎತ್ತರದ ಸ್ಟೇಷನ್, 2253 ಮೀಟರ್. ಅಲ್ಲಿಂದ ಆಲ್ಪ್ ಗ್ರ್ಯೂಮ್. ಸ್ಟೇಷನ್ ಕಟ್ಟಡದಲ್ಲೇ ಹೋಟೆಲ್ ಇದೆ, ರೈಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಎದುರಿಗೆ ಪಾಲ್ಯು ಹಿಮನದಿ, ಕೆಳಗೆ ಪೊಸ್ಕಿಯಾವೊ ಕಣಿವೆ. ಮಂಡಿಗೆ ತೊಂದರೆಯಿಲ್ಲ. ಒಂದು ಟೀ ಕುಡಿದು ಮುಂದಿನ ರೈಲು ಹಿಡಿಯಿರಿ. ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಇಲ್ಲಿ ಸಿಗುವುದು ಕೆಲವೇ ನಿಮಿಷ. ಪೊಸ್ಕಿಯಾವೊದಲ್ಲೂ ಇಳಿಯಿರಿ, ಊಟಕ್ಕೆ. ಅಲ್ಲಿ ಪಿಟ್ಸೊಕ್ಕೆರಿ ಅಂತ ಮಾಡುತ್ತಾರೆ. ಬಕ್‌ವೀಟ್ ಹಿಟ್ಟಿನ ಅಗಲ ಶಾವಿಗೆಗೆ ಆಲೂಗಡ್ಡೆ, ಎಲೆಕೋಸು, ಚೀಸ್ ಹಾಕಿದ್ದು. ಮಾಂಸ ಇರುವುದಿಲ್ಲ.

ಬ್ರೂಸಿಯೊದಲ್ಲಿ ಹಳಿ ಬಯಲಿನಲ್ಲೇ ಚಕ್ಕುಲಿಯ ಹಾಗೆ ಸುತ್ತುತ್ತದೆ. ಒಂಬತ್ತು ಕಮಾನಿನ ಸೇತುವೆ ಹಾದು ಒಂದು ಸುತ್ತು ಹಾಕಿ ಅದೇ ಸೇತುವೆಯ ಕಮಾನಿನ ಅಡಿಯಲ್ಲಿ ರೈಲು ಹೊರಗೆ ಬರುತ್ತದೆ. ಕೊನೆಗೆ ತಿರಾನೊದಲ್ಲಿ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ, ಕಾರುಗಳ ನಡುವೆ, ರಸ್ತೆಯಲ್ಲೇ ಹೋಗುತ್ತದೆ.

ಶಿಖರಗಳ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಎರಡು ಬೇಡ, ಒಂದು ಸಾಕು. ಲೌಟರ್‌ಬ್ರುನ್ನೆನ್ ಕಡೆಯಿಂದ ಹತ್ತುವ ಯೂಂಗ್‌ಫ್ರಾವ್‌ಯೋಖ್ ಸ್ಟೇಷನ್ 3454 ಮೀಟರ್ ಎತ್ತರದಲ್ಲಿದೆ. ದಾರಿಯ ಕೊನೆಯ ದೊಡ್ಡ ಭಾಗ ಸುರಂಗ, ಪಾಸ್ ಇದ್ದರೂ ಸಾಕಷ್ಟು ದುಡ್ಡು ಬೀಳುತ್ತದೆ. ಜರ್ಮಾಟ್‌ನಿಂದ ಗೋರ್ನರ್‌ಗ್ರಾಟ್ 3089 ಮೀಟರ್. 1898ರಿಂದ ಹಲ್ಲುಹಳಿಯ ರೈಲು ಬಯಲಿನಲ್ಲೇ ಹತ್ತುತ್ತದೆ, ಅರ್ಧ ಗಂಟೆಯುದ್ದಕ್ಕೂ ಮ್ಯಾಟರ್‌ಹಾರ್ನ್ ಶಿಖರ ಎದುರಿಗೇ ಇರುತ್ತದೆ, ಪಾಸಿಗೆ ಅರ್ಧ ದರ. ನನ್ನ ಓಟು ಇದಕ್ಕೆ. ಅತ್ತೆಯವರಿಗೆ ಬಿಪಿ, ಹೃದಯದ ತೊಂದರೆ ಏನಾದರೂ ಇದ್ದರೆ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಅಲ್ಲಿ ಮೇಲೆ ನಿಧಾನಕ್ಕೆ ನಡೆಯಲಿ, ನೀರು ಕುಡಿಯುತ್ತಿರಲಿ. ಜರ್ಮಾಟ್ ಊರೊಳಗೆ ಪೆಟ್ರೋಲ್ ಕಾರುಗಳಿಲ್ಲ, ಸ್ಟೇಷನ್‌ನಿಂದ ಹೋಟೆಲಿಗೆ ಚಿಕ್ಕ ವಿದ್ಯುತ್ ಟ್ಯಾಕ್ಸಿ ಸಿಗುತ್ತದೆ.

ಅಡುಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತೆಗೆದುಕೊಂಡು ಹೋಗಿ. ತುಪ್ಪ, ಪೇಡಾ, ಹಾಲಿನ ಯಾವ ತಿಂಡಿಯೂ ಬೇಡ. ಯುರೋಪಿನ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರುವಂತಿಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಂದೆರಡು ಕಡೆ ಮಾಡಿದರೆ ಅನ್ನ ಸಾರು ಸಿಗುತ್ತದೆ, ಖರ್ಚೂ ಇಳಿಯುತ್ತದೆ. ಕೂಪ್, ಮಿಗ್ರೋಸ್ ಅನ್ನುವ ಅಂಗಡಿಗಳು ಹೆಚ್ಚಿನ ಊರುಗಳಲ್ಲಿ ಇವೆ. ಇನ್ನೊಂದು ಸೂಕ್ಷ್ಮ: ಗ್ರುಯೇರ್, ಎಮ್ಮೆಂಟಾಲರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅತ್ತೆಯವರು ಕಟ್ಟುನಿಟ್ಟಾದರೆ ಮೊದಲೇ ತಿಳಿಸಿ, ತೀರ್ಮಾನ ಅವರದ್ದಾಗಲಿ. ಹಾಗಿದ್ದರೆ ಪೊಸ್ಕಿಯಾವೊದ ಪಿಟ್ಸೊಕ್ಕೆರಿಯನ್ನೂ ಚೀಸ್ ಇಲ್ಲದೆ ಕೇಳಬೇಕಾಗುತ್ತದೆ. ಕೂರ್ ಕಡೆಯ ಕಾಪುನ್ಸ್ ಅನ್ನುವ ಎಲೆ ಸುತ್ತಿದ ತಿಂಡಿ ನೋಡಲು ಪತ್ರೊಡೆಯ ಹಾಗಿದ್ದರೂ ಸಾಮಾನ್ಯವಾಗಿ ಒಳಗೆ ಮಾಂಸ ಇರುತ್ತದೆ, ಹುಷಾರು.

ಬುಕಿಂಗ್‌ನ ಕ್ರಮ. ಮೊದಲು ತಾರೀಖು ಗಟ್ಟಿ ಮಾಡಿ, ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡುವ ದಿನಗಳನ್ನು ನೋಡಿ. ಆಮೇಲೆ ರದ್ದು ಮಾಡಿದರೆ ಹಣ ವಾಪಸ್ ಬರುವ ಹೋಟೆಲುಗಳನ್ನೇ ಮಾಡಿ. ನಿಮ್ಮ ಹೆಚ್ಚು ರಾತ್ರಿ ಸ್ವಿಟ್ಜರ್ಲೆಂಡಿನಲ್ಲೇ ಕಳೆಯುವುದರಿಂದ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಲ್ಲಿಗೇ ಅರ್ಜಿ ಹಾಕಬೇಕು. ಇಟಲಿಗೆ ಬೇರೆ ವೀಸಾ ಬೇಡ. ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ಬಿಡಲೇಬೇಡಿ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆಯೂ ಬೇಕು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಸೀಟು ಬುಕಿಂಗ್ ತೆರೆದ ಕೂಡಲೇ ಮಾಡಿ, ಅದು ಚಿಕ್ಕ ಮೊತ್ತ. ಟ್ರಾವೆಲ್ ಪಾಸ್ ಮಾತ್ರ ವೀಸಾ ಕೈಗೆ ಬಂದ ಮೇಲೆ ಕೊಳ್ಳಿ. ಅದಕ್ಕೆ ಕೊರತೆಯಿಲ್ಲ, ಹಿಂದಿನ ದಿನವೂ ಸಿಗುತ್ತದೆ. ಪಾಸಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಇರಲಿ. ತಪಾಸಣೆಗೆ ಬಂದಾಗ ಎರಡನ್ನೂ ತೋರಿಸಬೇಕಾಗುತ್ತದೆ.

ಸಾಮಾನು ಕಡಿಮೆ ಇರಲಿ, ತಲೆಗೊಂದು ಮಧ್ಯಮ ಪೆಟ್ಟಿಗೆ. ದೊಡ್ಡದಿದ್ದರೆ ಸ್ವಿಸ್ ರೈಲ್ವೆಯಲ್ಲಿ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಶುಲ್ಕ ಕೊಟ್ಟು ಮುಂದೆ ಕಳಿಸುವ ಸೌಲಭ್ಯವಿದೆ. ನಿಮ್ಮ ಊರುಗಳ ಸ್ಟೇಷನ್‌ನಲ್ಲಿ ಉಂಟಾ ಅಂತ ಆ್ಯಪ್‌ನಲ್ಲಿ ನೋಡಿ. ಜರ್ಮಾಟ್‌ನಿಂದ ಪೊಂತ್ರೆಸಿನಾಗೆ ಕಳಿಸಿ, ನಡುವೆ ಕೂರ್‌ನ ಒಂದು ರಾತ್ರಿಗೆ ಕೈಚೀಲ ಸಾಕು.

ತಿರಾನೊದಲ್ಲಿ ನಿಮ್ಮ ಪಾಸ್ ಮುಗಿಯುತ್ತದೆ. ಇಟಲಿಯ ರೈಲು ಪಕ್ಕದ ಸ್ಟೇಷನ್‌ನಿಂದ ಹೊರಡುತ್ತದೆ, ಚೌಕ ದಾಟಿದರೆ ಅದೇ. ಮಿಲಾನ್‌ಗೆ ಸುಮಾರು ಎರಡೂವರೆ ಗಂಟೆ, ಟಿಕೆಟ್ ಅಗ್ಗ, ಸೀಟು ಮಾಡಿಸುವುದಿಲ್ಲ. ಅಲ್ಲೂ ಬಲಗಡೆಯೇ ಕೂರಿ. ಅರ್ಧ ದಾರಿಯ ನಂತರ ಕೋಮೊ ಸರೋವರ ಕಿಟಕಿಗೆ ಅಂಟಿಕೊಂಡೇ ಬರುತ್ತದೆ.